ಎಡಗೈ ಜೇಬಿನಲ್ಲಿರಲಿ

ಗುಂಯ್‌ಗುಡುವುದರಲ್ಲಿ ಎರಡು ಜಾತಿ. ಸೆಕೆಂಡಿಗೆ 50 ಸಲ ಗುಂಯ್‌ಗುಡುವುದು ಒಂದು, 100 ಸಲ ಗುಂಯ್‌ಗುಡುವುದು ಇನ್ನೊಂದು. ಮೊದಲನೆಯದು ಹೊಟ್ಟೆಯಿಂದ ಬರುತ್ತದೆ, ಎರಡನೆಯದು ಮೂಗಿನಿಂದ. ಈ ಭೇದ ತಿಳಿಯದವರೂ ಮದುವೆಯಾಗಿ, ಮೊಮ್ಮಕ್ಕಳನ್ನು ಎತ್ತಿ ಆಡಿಸಿ, ನೆಮ್ಮದಿಯಾಗಿ ಕಣ್ಣುಮುಚ್ಚುತ್ತಾರೆ ಎಂಬುದು ನನಗೆ ಗೊತ್ತು. ನನಗೆ ಆ ಯೋಗವಿಲ್ಲ. ಬಸ್ ಸ್ಟ್ಯಾಂಡಿನ ಟ್ಯೂಬ್‌ಲೈಟಿನ ಕೆಳಗೆ ನಿಂತರೂ ಚೋಕು ಯಾವ ಜಾತಿಯದು ಎಂದು ಕಿವಿ ಕೊಡುತ್ತೇನೆ. ಆ ಹೊತ್ತಿಗೆ ಬಸ್ಸು ಹೋಗಿರುತ್ತದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತನಾದವನು. ಚಾಮರಾಜನಗರ ಸೀಮೆಯ ಚಂದಕವಾಡಿಯಿಂದ ಆಚೆಗೆ, ಬಾಳೆ ಅರಿಶಿನದ ನಡುವೆ ನಮ್ಮ ತೋಟದ ಮನೆ. ನಿವೃತ್ತರಾದವರು ಸಾಮಾನ್ಯವಾಗಿ ಕಾಶಿಗೆ ಹೋಗುತ್ತಾರೆ, ಇಲ್ಲವೇ ಅಣ್ಣತಮ್ಮಂದಿರ ಮೇಲೆ ಜಮೀನಿನ ಕೇಸು ಹಾಕುತ್ತಾರೆ. ನಾನು ವಾಲ್ವಿನ ಪ್ರೀ-ಆಂಪ್ ಕಟ್ಟಿದೆ. ಖರ್ಚು ಕಾಶಿಗಿಂತ ಕಡಿಮೆ, ಮನಸ್ತಾಪ ಕೇಸಿಗಿಂತ ಸ್ವಲ್ಪವೇ ಕಡಿಮೆ.

ಗ್ರಾಮಫೋನ್ ತಟ್ಟೆಯ ಮೇಲೆ ಓಡುವ ಸೂಜಿಯಿಂದ ಹೊರಡುವುದು ಕೆಲವೇ ಮಿಲಿವೋಲ್ಟ್. ಅದನ್ನು ಆಂಪ್ಲಿಫೈಯರಿಗೆ ಕೇಳಿಸುವಷ್ಟು ದೊಡ್ಡದು ಮಾಡುವುದೇ ಪ್ರೀ-ಆಂಪಿನ ಕೆಲಸ. ಈ ಕೆಲಸಕ್ಕೆ ಈಗ ಉಗುರಿನಗಲದ ಚಿಪ್ಪು ಸಾಕು. ನಾನು ಹಾಕಿದ್ದು ಇಸಿಸಿ83 ಎಂಬ ಗಾಜಿನ ವಾಲ್ವು. ಅದಕ್ಕೆ ಕರೆಂಟು ಒದಗಿಸಲು ಇಜೆಡ್80 ಎಂಬ ಇನ್ನೊಂದು ವಾಲ್ವು. ಸತ್ತ ರೇಡಿಯೊ ಒಂದರಿಂದ ಕಿತ್ತ ಟ್ರಾನ್ಸ್‌ಫಾರ್ಮರು. ಬೆಂಗಳೂರಿನ ಬಿಇಎಲ್ ಕಾರ್ಖಾನೆ 1961ರಲ್ಲಿ ರೇಡಿಯೊ ವಾಲ್ವು ಮಾಡಲು ಶುರುಮಾಡಿತ್ತು. ಟ್ರಾನ್ಸಿಸ್ಟರು ಬಂದು ಅವನ್ನೆಲ್ಲ ಗುಜರಿಗೆ ಅಟ್ಟಿತು. ಈಗ ಹೊಸ ವಾಲ್ವು ಬೇಕೆಂದರೆ ರಷ್ಯಾ, ಚೀನಾ, ಸ್ಲೊವಾಕಿಯಾ ಕಡೆ ಕೈಚಾಚಬೇಕು. ಸ್ಲೊವಾಕಿಯಾದಿಂದ ಚಂದಕವಾಡಿಗೆ ಪಾರ್ಸೆಲ್ ಬಂದ ದಿನ ಪೋಸ್ಟ್‌ಮ್ಯಾನು ಅದನ್ನು ಅಲುಗಾಡಿಸಿ ನೋಡಿ, "ಗಾಜು ಕಣ್ರೀ ಮೇಷ್ಟ್ರೇ, ಬಲ್ಬಾ?" ಅಂದ. ಹೌದು ಅಂದೆ. "ಇಲ್ಲೇ ಸಿಕ್ತಿರ್ಲಿಲ್ವಾ?" ಅಂದ.

"ಅದೇ ಹಾಡು ಮೊಬೈಲ್‌ನಾಗೂ ಬತ್ತದಲ್ಲ" ಎನ್ನುವುದು ನನ್ನ ಹೆಂಡತಿಯ ನಿಲುವು.

"ಬರ್ತದೆ, ಬೆಚ್ಚಗಿರಲ್ಲ."

"ಹಾಡು ಬೆಚ್ಚಗಿದ್ದು ಏನಾಗ್ಬೇಕು? ಅನ್ನ ಆರ್ತಾ ಅದೆ, ಬನ್ನಿ."

ಇಂಥ ಹೊತ್ತಿನಲ್ಲಿ ನಾನು ಮನಸ್ಸಿನಲ್ಲೇ ಎಂ.ವಿ. ಗೋಪಾಲಸ್ವಾಮಿಯವರನ್ನು ನೆನೆಯುತ್ತೇನೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅವರು ಮನಃಶಾಸ್ತ್ರದ ಪ್ರಾಧ್ಯಾಪಕರು. 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೊ ಪ್ರಸಾರ ಶುರುಮಾಡಿಬಿಟ್ಟರು. ಆ ನಿಲಯದ ಹೆಸರು ಆಕಾಶವಾಣಿ. ಮುಂದೆ ಅದು ಇಡೀ ದೇಶದ ರೇಡಿಯೊಗೆ ಹೆಸರಾಯಿತು. ಮನಸ್ಸಿನ ಆರೋಗ್ಯದ ಬಗ್ಗೆ ಪಾಠ ಹೇಳುವವರೇ ನಡುಮನೆಯಲ್ಲಿ ರೇಡಿಯೊ ಸ್ಟೇಷನ್ ಇಟ್ಟುಕೊಂಡಿದ್ದರೆಂದ ಮೇಲೆ, ಬರೀ ಪ್ರೀ-ಆಂಪ್ ಇಟ್ಟುಕೊಂಡವನನ್ನು ಯಾರೂ ಏನೂ ಅನ್ನುವಂತಿಲ್ಲ.

ಕೇಳಬೇಕಿದ್ದದ್ದು ಒಂದೇ ತಟ್ಟೆ. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ರಾಜಣ್ಣ ಎಮ್ಮೆಯ ಮೇಲೆ ಕೂತು ಹಾಡುತ್ತಾರಲ್ಲ, ಅದು. ಗಾಜನೂರಿನವರು, ನಮ್ಮ ಕಡೆಯವರೇ. ತಟ್ಟೆ ಇಟ್ಟೆ, ಸೂಜಿ ಇಳಿಸಿದೆ, ವಾಲ್ವು ಕೆಂಪಗಾದವು. ಎಮ್ಮೆಗಿಂತ ಮೊದಲು ಗುಂಯ್ ಎಂದು ಬಂತು.

ಕಿವಿ ಕೊಟ್ಟೆ. ಮೂಗಿನದು. 100ರ ಜಾತಿ.

ಇದು ಗೊತ್ತಾದರೆ ಅರ್ಧ ಕೆಲಸ ಮುಗಿದ ಲೆಕ್ಕ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತುಯ್ಯುತ್ತದೆ. ಬರೀ 50 ಕೇಳಿದರೆ ಅರ್ಥಿಂಗಿನದೋ ಫಿಲಮೆಂಟ್ ತಂತಿಯದೋ ತಪ್ಪು. ಹೋಗುವ ತುಯ್ತ, ಬರುವ ತುಯ್ತ ಎರಡನ್ನೂ ಇಜೆಡ್80 ಒಂದೇ ದಿಕ್ಕಿಗೆ ತಿರುಗಿಸುವುದರಿಂದ ಅದನ್ನು ದಾಟಿದ ಮೇಲೆ 50 ಎನ್ನುವುದು 100 ಆಗುತ್ತದೆ. ಆ ನೂರು ಉಬ್ಬುತಗ್ಗುಗಳನ್ನು ಸಪಾಟು ಮಾಡುವುದು ಫಿಲ್ಟರ್ ಕಂಡೆನ್ಸರು. ಒಳಗಿನ ರಸ ಒಣಗಿದ ಕಂಡೆನ್ಸರಿಗೆ ಆ ಕೆಲಸ ಆಗುವುದಿಲ್ಲ. ಉಬ್ಬುತಗ್ಗೆಲ್ಲ ನೇರ ರಾಜಣ್ಣನ ಗಂಟಲಿಗೆ ಇಳಿಯುತ್ತದೆ. ಹಾಗಾಗಿ ಯಾವ ಕಂಡೆನ್ಸರು ಎಂದು ಮೀಟರು ಹಿಡಿದು ನೋಡಬೇಕು. ಅದೂ ಕರೆಂಟು ಇದ್ದಾಗಲೇ. ಅಲ್ಲಿರುವುದು 280 ವೋಲ್ಟು, ಡಿಸಿ.

ವಾಲ್ವು ಬಿಚ್ಚುವವರಿಗೆಲ್ಲ ಒಂದು ಕಟ್ಟಪ್ಪಣೆ ಇದೆ: ಎಡಗೈ ಜೇಬಿನಲ್ಲಿರಲಿ. ಒಂದು ಕೈ ಕರೆಂಟಿಗೂ ಇನ್ನೊಂದು ಕೈ ಚಾಸಿಗೂ ತಾಗಿದರೆ ಕರೆಂಟು ಒಂದು ತೋಳಿನಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಎದೆಯೊಳಗೆ ಹಾದುಹೋಗುತ್ತದೆ. ಒಂದೇ ಕೈಯಲ್ಲಿ ಕೆಲಸ ಮಾಡಿದರೆ ಗುಂಡಿಗೆ ಉಳಿಯುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ಓಮ್‌ನ ನಿಯಮ ಹೇಳಿದ ನಾನು ಇದನ್ನು ಮೀರುವವನಲ್ಲ.

ಆದರೆ ಈ ಕಟ್ಟಪ್ಪಣೆ ಮಾಡಿದವರು ಯಾರೋ ಪ್ಯಾಂಟು ಹಾಕುವವರು. ಪಂಚೆಗೆ ಜೇಬಿಲ್ಲ. ಬನಿಯನಿಗೂ ಇಲ್ಲ. ಅಂಗಿ ತೊಟ್ಟು ನೋಡಿದೆ. ಅಂಗಿಯ ಜೇಬು ಎಡ ಎದೆಯ ಮೇಲಿದೆ. ಯಾವ ಗುಂಡಿಗೆಯಿಂದ ಕೈಯನ್ನು ದೂರ ಇಡಬೇಕೋ ಸರಿಯಾಗಿ ಅದರ ಮೇಲೆ. ಸರ್ವಿಸಿನಲ್ಲಿದ್ದಾಗಿನ ಪ್ಯಾಂಟುಗಳನ್ನು ಟ್ರಂಕಿನಿಂದ ತೆಗೆದೆ. ಬಹಳಷ್ಟು ಸೊಂಟಕ್ಕೇರಲಿಲ್ಲ. ಉಸಿರು ಬಿಗಿಹಿಡಿದು ಏರಿಸಿದ ಒಂದರಲ್ಲಿ ಜೇಬಿದ್ದರೂ ಕೈ ಹೋಗಲು ಎಡೆಯಿರಲಿಲ್ಲ. ಕೊನೆಗೆ ಹೊಳೆಯಿತು. ನಮ್ಮ ಸೀಮೆಯ ರೈತ ಬೀಡಿ, ಬೆಂಕಿಪೊಟ್ಟಣ, ಎಲೆಯಡಿಕೆ, ಸಂತೆಯ ದುಡ್ಡು ಇಷ್ಟನ್ನೂ ಒಟ್ಟಿಗೆ ಇಟ್ಟುಕೊಂಡು ಪಂಚೆಯೊಳಗೆ ಹಾಕಿಕೊಳ್ಳುವ ಪಟಾಪಟಿ ಚಡ್ಡಿ! ಮೊಣಕೈವರೆಗೂ ಇಳಿಯುವ ಜೇಬು. ಇಂಗ್ಲೆಂಡಿನಲ್ಲೂ ಇಷ್ಟು ಸುರಕ್ಷಿತವಾದ ಉಡುಪು ಇರಲಾರದು. ಪಂಚೆ ಕಳಚಿ ಮೂಲೆಗೆ ಹಾಕಿ, ಹವಾಯಿ ಚಪ್ಪಲಿ ಮೆಟ್ಟಿ, ಊಟದ ಮಣೆಯ ಮೇಲೆ ನಿಂತು, ಎಡಗೈಯನ್ನು ಪಟಾಪಟಿಯೊಳಗೆ ಇಳಿಸಿ, ಬಲಗೈಯಲ್ಲಿ ಮೀಟರಿನ ಕೆಂಪು ಕಡ್ಡಿ ಹಿಡಿದೆ. ಕಪ್ಪು ತಂತಿಯನ್ನು ಮೊದಲೇ ಕ್ಲಿಪ್ಪಿನಲ್ಲಿ ಚಾಸಿಗೆ ಕಚ್ಚಿಸಿದ್ದೆ. ಶಾಸ್ತ್ರದಲ್ಲಿ ಒಂದು ಕೊರತೆಯೂ ಇರಲಿಲ್ಲ.

280 ಬಂತು. ಮುಂದಿನದಕ್ಕೆ ಬಗ್ಗಿದೆ. ಚಡ್ಡಿಯ ಲಾಡಿ ಪಟ್ ಎಂದಿತು.

ಹಳೇ ಲಾಡಿ. ಜೇಬಿನೊಳಗಿದ್ದ ಎಡಗೈ ತಾನಾಗಿ ಮುಷ್ಟಿ ಕಟ್ಟಿತು. ಈಗ ಆ ಕೈಗೆ ಎರಡು ಹೊಣೆ: ಒಂದು ಪ್ರಾಣದ್ದು, ಒಂದು ಮಾನದ್ದು. ಯಾವುದನ್ನೂ ಬಿಡುವ ಹಾಗಿಲ್ಲ. ಸರಿ, ಎರಡನೇ ಕಂಡೆನ್ಸರನ್ನು ನೋಡಿಬಿಟ್ಟು ಆಮೇಲೆ ಇದನ್ನು ನೋಡಿದರಾಯಿತು ಎಂದು ಕಡ್ಡಿ ಚಾಚಿದೆ. ಅಷ್ಟರಲ್ಲಿ ಬಾಗಿಲಲ್ಲಿ ಹೆಂಡತಿಯ ದನಿ: "ಬನ್ನಿ ಬನ್ನಿ, ಒಳಗೇ ಅವ್ರೆ."

ಪಕ್ಕದ ತೋಟದ ಯಜಮಾನರು, ಅವರ ಮನೆಯವರು, ಜೊತೆಗೆ ಇನ್ನಿಬ್ಬರು ಹೆಂಗಸರು. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಅರಿಶಿನ ಕುಂಕುಮ, ಎಲೆಯಡಿಕೆ, ಮಗಳ ಮದುವೆಯ ಕರೆಯೋಲೆ.

ಕರೆಯೋಲೆಯನ್ನು ಎರಡು ಕೈಯಲ್ಲಿ ತೆಗೆದುಕೊಳ್ಳಬೇಕು. ಇದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದರೆ ಒಂದು ಕೈಯಲ್ಲಿ ತೆಗೆದುಕೊಂಡವನನ್ನು ಚಾಮರಾಜನಗರ ಸೀಮೆಯಲ್ಲಿ ಮೂರು ತಲೆಮಾರು ಮರೆಯುವುದಿಲ್ಲ. ಹೆಂಗಸರು ನನ್ನನ್ನು ನೋಡಿ, ತಕ್ಷಣ ಗೋಡೆಯ ಮೇಲಿನ ಮಾದಪ್ಪನ ಪಟವನ್ನು ನೋಡತೊಡಗಿದರು. ಯಜಮಾನರು ಮಾತ್ರ ತಟ್ಟೆ ಚಾಚಿಕೊಂಡೇ ನಿಂತರು.

"ತಕ್ಕಳಿ ಮೇಷ್ಟ್ರೇ."

"ಬಂದೆ ಯಜಮಾನ್ರೇ. ಇದರಲ್ಲಿ ಕರೆಂಟದೆ."

"ಆರ್ಸುಡಿ ಅತ್ಲಾಗೆ."

ಬಲಗೈಯ ಕಡ್ಡಿ ಕೆಳಗಿಟ್ಟು ಸ್ವಿಚ್ ಆರಿಸಿ, ಕಡ್ಡಿಯನ್ನು ಮತ್ತೆ ಕಂಡೆನ್ಸರಿಗೆ ತಾಗಿಸಿದೆ. ಯಜಮಾನರು ಹೆಜ್ಜೆ ಮುಂದಿಟ್ಟರು. "ಬೇಡಿ, ಬೇಡಿ!" ಎಂದು ಕೂಗಿದೆ. "ಆರಿಸಿದ್ರೂ ಕಂಡೆನ್ಸರಲ್ಲಿ ಕರೆಂಟು ಉಳಿದಿರ್ತದೆ. ಒಂದು ನಿಮಿಷ ತಡೀರಿ. ಅದಾಗೇ ಇಳೀತದೆ."

ಇದು ನಿಜ. ಅದಕ್ಕೆಂದೇ ಕಂಡೆನ್ಸರಿನ ಪಕ್ಕ ಒಂದು ರೆಸಿಸ್ಟರನ್ನು ಕಟ್ಟಿರುತ್ತಾರೆ. ನನ್ನದು 220 ಸಾವಿರ ಓಮ್, ಕಂಡೆನ್ಸರು 47 ಮೈಕ್ರೋಫ್ಯಾರಡ್, ಗುಣಿಸಿದರೆ ಹತ್ತು ಸೆಕೆಂಡು ಚಿಲ್ಲರೆ. ಅದರ ಐದರಷ್ಟು ಕಾದರೆ ಕರೆಂಟು ಬಹುತೇಕ ಬರಿದಾಗುತ್ತದೆ. ಈ ಲೆಕ್ಕವನ್ನು ಯಜಮಾನರಿಗೆ ಬಿಡಿಸಿ ಹೇಳಲು ಹೊರಟೆ. ಎಲೆಯಡಿಕೆಯ ತಟ್ಟೆ ನನ್ನ ಮೂಗಿನ ಮುಂದೆ, ನನ್ನ ಎಡಗೈ ಪಟಾಪಟಿಯೊಳಗೆ, ಹೆಂಗಸರು ಮಾದಪ್ಪನ ಮುಂದೆ. ಎಲ್ಲರೂ ಮಾತಿಲ್ಲದೆ ತಲೆ ತಗ್ಗಿಸಿ ನಿಂತರು, ಶಾಲೆಯ ಅಂಗಳದಲ್ಲಿ ಯಾರೋ ದೊಡ್ಡವರು ತೀರಿಕೊಂಡಾಗ ನಿಲ್ಲಿಸುತ್ತಾರಲ್ಲ, ಹಾಗೆ. ಮೀಟರಿನಲ್ಲಿ 280 ಎನ್ನುವುದು 200 ಆಯಿತು, 120 ಆಯಿತು, 60 ಆಯಿತು. ಒಂದು ನಿಮಿಷ ಎಷ್ಟು ಉದ್ದ ಎಂದು ನೋಡಬೇಕಿದ್ದವರು ಪರಮಾಣು ಗಡಿಯಾರ ನೋಡಬೇಕಿಲ್ಲ. ಹಿಂದಿದ್ದ ಹೆಂಗಸೊಬ್ಬರು ತಡೆಯಲಾರದೆ ಪಿಸುಗುಟ್ಟಿದರು: "ಯಾರಕ್ಕಾ ಹೋದದ್ದು?"

ಮೀಟರು ಸೊನ್ನೆಗಿಳಿಯಿತು. ಪ್ರಾಣದ ಹೊಣೆ ಮುಗಿಯಿತು, ಮಾನದ್ದು ಉಳಿಯಿತು. ಬಲಗೈಯೊಂದರಲ್ಲೇ ಕರೆಯೋಲೆ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಆದಷ್ಟು ಬಗ್ಗಿ ನಮಸ್ಕಾರದಂಥದ್ದೊಂದನ್ನು ಮಾಡಿದೆ. ಯಜಮಾನರು ನನ್ನ ಎಡ ಜೇಬನ್ನು ಬಹಳ ಹೊತ್ತು ನೋಡಿದರು. ಕೋಪಿಸಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು. ಅವರ ಮುಖದಲ್ಲಿ ಇದ್ದದ್ದು ಕನಿಕರ.

ಎರಡು ದಿನದಲ್ಲಿ ಸುದ್ದಿ ಊರು ತುಂಬಿತು: ಮೇಷ್ಟ್ರಿಗೆ ಎಡಗೈಗೆ ಲಕ್ವ ಹೊಡೆದಿದೆ, ಪಾಪ, ಕರೆಂಟು ಕೊಟ್ಟುಕೊಂಡು ತಾವೇ ವಾಸಿಮಾಡಿಕೊಳ್ಳೋಕೆ ನೋಡ್ತಾ ಅವ್ರೆ. ಹಳೇ ವಿದ್ಯಾರ್ಥಿಯೊಬ್ಬ ಎಣ್ಣೆ ತಂದುಕೊಟ್ಟ. ಒಳ್ಳೇ ಎಣ್ಣೆ. ಮಂಡಿಗೆ ಹಚ್ಚುತ್ತಿದ್ದೇನೆ.

ಕಂಡೆನ್ಸರಿನ ಕಥೆ ಹೆಚ್ಚೇನಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ, 47 ಮೈಕ್ರೋಫ್ಯಾರಡ್ 450 ವೋಲ್ಟಿನದು ತಂದೆ, ಹಳೆಯದನ್ನು ಕಿತ್ತೆ, ಹೊಸದನ್ನು ಸಾಲ್ಡರ್ ಮಾಡಿದೆ. ಮಧ್ಯಾಹ್ನ ತಟ್ಟೆ ಇಟ್ಟರೆ ಗುಂಯ್ ಇಲ್ಲ. ಎಮ್ಮೆಯ ಗೊರಸಿನ ತಾಳ ಕೇಳುವಷ್ಟು ನಿಶ್ಶಬ್ದ. ನಾನು ಕಣ್ಣುಮುಚ್ಚಿ ಕೂತು ಬೆಚ್ಚಗಾದೆ.

ಸಂಜೆ ಏಳಕ್ಕೆ ನೆಂಟರನ್ನು ಕರೆದು ಕೂರಿಸಿ ಅದೇ ತಟ್ಟೆ ಇಟ್ಟೆ. ಪಿಟೀಲೆಲ್ಲ ಹೂತುಹೋದವು. ರಾಜಣ್ಣನ ದನಿ ಕಂಬಳಿ ಹೊದ್ದುಕೊಂಡಿತು. ಎಮ್ಮೆ ಕುಂಟತೊಡಗಿತು. ವಾಲ್ವಿಗೆ ಹೋಗುವ ಡಿಸಿ, ಅಂದರೆ ಎಚ್.ಟಿ., ನೋಡಿದರೆ 280 ಇರಬೇಕಾದಲ್ಲಿ 200. ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ 280. ಸಂಜೆ 200. ಇಜೆಡ್80 ಬದಲಿಸಿದೆ. ರೆಸಿಸ್ಟರುಗಳನ್ನು ಒಂದು ಕಾಲು ಎತ್ತಿ ಅಳೆದೆ. ಟ್ರಾನ್ಸ್‌ಫಾರ್ಮರನ್ನು ಮೂಸಿದೆ, ಸುಟ್ಟ ವಾಸನೆಯಿಲ್ಲ. ಬೆಳಿಗ್ಗೆ ಒಂದು ಗುಣ, ಸಂಜೆ ಇನ್ನೊಂದು ಗುಣ. ಹೆಡ್‌ಮಾಸ್ಟರರಲ್ಲಿ ಕಂಡಿದ್ದೇನೆ, ಪವರ್ ಸಪ್ಲೈಯಲ್ಲಿ ಕಂಡಿರಲಿಲ್ಲ.

ಕಾಯಿಲೆ ಕಂಡುಹಿಡಿದದ್ದು ಹೆಂಡತಿ. ಚಟ್ನಿ ರುಬ್ಬುತ್ತಾ ಅಡುಗೆಮನೆಯಿಂದ ಅಂದಳು: "ಮಿಕ್ಸಿನೂ ಹಂಗೇ ನರಳ್ತದೆ ಕಣ್ರೀ ಈ ಹೊತ್ತಲ್ಲಿ. ಅದಕ್ಕೂ ವಾಲ್ವು ಹಾಕಿದ್ದೀರಾ?"

ಗೋಡೆಯ ಪ್ಲಗ್ಗಿಗೆ ಮೀಟರು ಚುಚ್ಚಿದೆ. 165 ವೋಲ್ಟು. ಇರಬೇಕಾದ್ದು 230. 280ನ್ನು 165ರಿಂದ ಗುಣಿಸಿ 230ರಿಂದ ಭಾಗಿಸಿ ನೋಡಿ, ಹೆಚ್ಚುಕಡಿಮೆ 200. ವಾಲ್ವಿನ ಫಿಲಮೆಂಟಿಗೆ ಬೇಕಾದ 6.3 ವೋಲ್ಟು 4.5ಕ್ಕೆ ಇಳಿದಿರುತ್ತದೆ, ಅಷ್ಟು ತಣ್ಣಗಾದ ವಾಲ್ವು ಹಾಡುವುದಿರಲಿ, ಕೆಮ್ಮುವುದೂ ಕಷ್ಟ. ತಟ್ಟೆ ತಿರುಗಿಸುವ ಹಳೇ ಮೋಟಾರೂ ಜಗ್ಗುತ್ತದೆ, ಅದಕ್ಕೇ ಎಮ್ಮೆ ಕುಂಟಿದ್ದು. ನನ್ನ ಡಬ್ಬದೊಳಗೆ ಏನೂ ಕೆಟ್ಟಿರಲಿಲ್ಲ.

ಬ್ಯಾಟರಿ ಹಿಡಿದು ಕಂಬದಿಂದ ಕಂಬಕ್ಕೆ ತಂತಿ ನೋಡಿಕೊಂಡು ಹೊರಟೆ. ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿಯ ಬೇರೆ ಲೈನಿದೆ. ತೋಟದ ಮನೆಯವರಿಗೆ ಪಂಪ್‌ಸೆಟ್ಟಿನ ಲೈನೇ ಗತಿ. ಅದರಲ್ಲಿ ತ್ರೀ ಫೇಸು ಏಳು ಗಂಟೆ, ಅದೂ ಪಾಳಿಯಲ್ಲಿ. ಮಿಕ್ಕ ಹೊತ್ತು ಮನೆಯ ದೀಪಕ್ಕೆಂದು ಸಿಂಗಲ್ ಫೇಸು. ಟಿಸಿ, ಅಂದರೆ ಕಂಬದ ಟ್ರಾನ್ಸ್‌ಫಾರ್ಮರು, ದಾಟಿ ಯಜಮಾನರ ಬೋರ್‌ವೆಲ್ಲಿನ ಹತ್ತಿರ ಹೋಗುವಷ್ಟರಲ್ಲೇ ಕೇಳಿಸಿತು. ಗುಂಯ್. ಟಿಸಿಯದೂ 100, ಸ್ಟಾರ್ಟರಿನದೂ 100. ಕಬ್ಬಿಣವನ್ನು ಅಯಸ್ಕಾಂತ ಹಿಡಿದು ಬಿಟ್ಟು ಮಾಡುವಲ್ಲೆಲ್ಲ ಅದೇ ಜಾತಿ. ಸಿಂಗಲ್ ಫೇಸಿನ ಹೊತ್ತಿನಲ್ಲಿ ತ್ರೀ ಫೇಸಿನ ಮೋಟಾರು ಓಡುತ್ತಿತ್ತು. ಬಾಕ್ಸಿನ ಪಕ್ಕ ನೇತುಬಿದ್ದಿತ್ತು ಮುಷ್ಟಿಗಾತ್ರದ ಡಬ್ಬಿ. ಕಂಡೆನ್ಸರು!

ಇರುವ ಒಂದು ಫೇಸಿನಿಂದ ಇಲ್ಲದ ಫೇಸನ್ನು ಕಂಡೆನ್ಸರು ಹಾಕಿ ಹುಟ್ಟಿಸುವ ಈ ವಿದ್ಯೆ ನಮ್ಮ ಕಡೆ ತೋಟ ತೋಟದಲ್ಲೂ ಇದೆ. ಭಾರವೆಲ್ಲ ಒಂದೇ ತಂತಿಯ ಮೇಲೆ ಬಿದ್ದು ವೋಲ್ಟೇಜು ಪಾತಾಳಕ್ಕಿಳಿಯುತ್ತದೆ. ಮೋಟಾರು ಸುಡುತ್ತದೆ, ಟಿಸಿಯೂ ಸುಡುತ್ತದೆ. ನನ್ನ ಪ್ರೀ-ಆಂಪಿನ ಎಚ್.ಟಿ. ಎಳೆಯುವುದು ಮೂರು ಮಿಲಿ ಆಂಪಿಯರು, ಒಂದು ವಾಟೂ ಆಗುವುದಿಲ್ಲ. ಯಜಮಾನರದು ಐದು ಎಚ್.ಪಿ., 3,700 ವಾಟು.

ಸಿಟ್ಟು ಬಂದಿತ್ತು. ಮೇಷ್ಟ್ರ ದನಿ ತೆಗೆದು ಓಮ್‌ನ ನಿಯಮದಿಂದಲೇ ಶುರುಮಾಡಿದೆ. ಯಜಮಾನರು ಬಾಳೆಯ ಬುಡದಲ್ಲಿ ಮಡೆ ತಿರುಗಿಸುತ್ತಾ ಪೂರ್ತಿ ಕೇಳಿದರು. ಆಮೇಲೆ ಗುದ್ದಲಿ ಊರಿ ನಿಂತು ಅಂದರು:

"ಈ ವಾರ ತ್ರೀ ಫೇಸು ಕೊಡೋದು ರಾತ್ರಿ ಹನ್ನೊಂದರ ಮೇಲೆ ಮೇಷ್ಟ್ರೇ. ಹೋದ ತಿಂಗಳು ಆ ಬದೀಲಿ ಚಿರತೆ ಮಲಗಿತ್ತು. ಹಂದಿಗಳು ಲೆಕ್ಕಕ್ಕಿಲ್ಲ. ಮಗ ಬೆಂಗಳೂರಲ್ಲವನೆ. ನಾನೊಬ್ನೇ ಬ್ಯಾಟ್ರಿ ಹಿಡ್ಕಂಡು ಬರ್ಬೇಕು. ಅದಕ್ಕೇ ಸಂಜೇನೇ ಒಂದು ಮಡೆ ಹಾಯಿಸ್ಬುಡ್ತೀನಿ. ತಪ್ಪೇ ಕನಿ."

ನನ್ನ ಹತ್ತಿರ ಉತ್ತರವಿರಲಿಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ, ನಮ್ಮ ಜಿಲ್ಲೆಯ ಅಂಚಿನಲ್ಲೇ, ಕಾವೇರಿಯಿಂದ ಕರೆಂಟು ತೆಗೆದು ಸುಮಾರು 147 ಕಿಲೋಮೀಟರು ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಮುಟ್ಟಿಸಿದರು. ಆ ಕಾಲದಲ್ಲಿ ಅಷ್ಟು ದೂರಕ್ಕೆ ಕರೆಂಟು ಕಳಿಸಿದ್ದು ಲೋಕವೇ ಬೆರಗಾಗುವ ಕೆಲಸ ಎಂದು ನಾನೇ ತರಗತಿಯಲ್ಲಿ ಹೆಮ್ಮೆಯಿಂದ ಹೇಳಿದವನು. ನೂರಿಪ್ಪತ್ತು ವರ್ಷದ ಮೇಲೆ, ಅದೇ ಸೀಮೆಯಲ್ಲಿ, ಬಾಳೆಗೆ ನೀರು ಬಿಡಲು ಮುದುಕನೊಬ್ಬ ಚಿರತೆಯ ಪಾಳಿ ಮುಗಿದ ಮೇಲೆ ತನ್ನ ಪಾಳಿಗೆ ಬರಬೇಕು. ಈ ವೇಳಾಪಟ್ಟಿ ಬರೆದವರು ಯಾರೋ ಹಗಲಲ್ಲಿ ಕೂತು ಬರೆದಿದ್ದಾರೆ. ಒಂದು ರಾತ್ರಿ ಗದ್ದೆಯ ಬದುವಿನ ಮೇಲೆ ನಿಂತಿದ್ದರೆ ಬೇರೆ ಬರೆಯುತ್ತಿದ್ದರು. ಅರ್ಜಿ ಬರೆದುಕೊಟ್ಟೆ, ತೋಟದವರೆಲ್ಲ ಸಹಿ ಹಾಕಿದರು, ಕಚೇರಿಯವರು ಸೀಲು ಒತ್ತಿ ತೆಗೆದುಕೊಂಡರು. ಸೀಲು ಚೆನ್ನಾಗಿ ಬಿದ್ದಿದೆ.

ಹೊರಡುವಾಗ ಯಜಮಾನರು ನನ್ನ ಎಡಗೈ ಹಿಡಿದು ಎತ್ತಿ, ತಿರುಗಿಸಿ, ಬೆರಳು ಮಡಿಸಿ ನೋಡಿದರು. "ಈಗ ವಾಸಿ ಕನಿ" ಅಂದರು. ಎಣ್ಣೆಯ ಗುಣ ಅಂದೆ.

ಈಗ ನಮ್ಮಲ್ಲಿ ಒಪ್ಪಂದವಾಗಿದೆ. ಸಂಜೆಯ ಕರೆಂಟು ಅವರ ಬಾಳೆಗೆ, ಹಗಲಿನದು ನನ್ನ ಎಮ್ಮೆಗೆ. ಚಟ್ನಿಯನ್ನು ಹೆಂಡತಿ ಒರಳಿನಲ್ಲಿ ರುಬ್ಬುತ್ತಾಳೆ, ಅದರ ರುಚಿಯೇ ಬೇರೆ ಎಂದು ನಾನು ಹೇಳಿದ್ದಕ್ಕೆ ರುಬ್ಬುಗುಂಡನ್ನು ನನ್ನ ಕೈಗೇ ಕೊಟ್ಟಿದ್ದಾಳೆ. ಎರಡು ಕೈಯಲ್ಲೂ.

ನಿಮ್ಮ ಅಟ್ಟದಲ್ಲೂ ಅಜ್ಜನ ಕಾಲದ ಮರ್ಫಿಯೋ ಬುಷ್ಷೋ ಇದ್ದು, ಇದನ್ನು ಓದಿ ಇಳಿಸುವ ಮನಸ್ಸಾದರೆ ಒಂದು ಮಾತು. ಅದನ್ನು ನೇರವಾಗಿ ಪ್ಲಗ್ಗಿಗೆ ಹಾಕಬೇಡಿ. ಗೊತ್ತಿರುವ ಮೆಕ್ಯಾನಿಕ್ ಹತ್ತಿರ 60 ವಾಟಿನ ಬಲ್ಬೊಂದನ್ನು ಸೀರೀಸಿನಲ್ಲಿ ಹಾಕಿಸಿ, ಅದರ ಮೂಲಕ ಕರೆಂಟು ಕೊಡಿ. ಬಲ್ಬು ಒಮ್ಮೆ ಹೊಳೆದು ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಪ್ಲಗ್ಗು ಕಿತ್ತು ಮೊದಲು ಕಂಡೆನ್ಸರು ನೋಡಿ. ಎಲ್‌ಇಡಿ ಬಲ್ಬು ಇದಕ್ಕೆ ನಡೆಯುವುದಿಲ್ಲ, ಹಳೇ ಕಾಲದ ತಂತಿಯ ಬಲ್ಬೇ ಬೇಕು. ಅಂಗಡಿಯಲ್ಲಿ ಸಿಗದಿದ್ದರೆ ಕೋಳಿಮರಿ ಸಾಕುವವರನ್ನು ಕೇಳಿ; ಶಾಖಕ್ಕೆಂದು ಅವರು ಇಟ್ಟುಕೊಂಡಿರುತ್ತಾರೆ.